ಮೊಣಕಾಲಿಗಾದರೆ ಚಿಕಿತ್ಸೆ, ದವಡೆಗಾದರೆ ಶೋಕಿ

ನಿನ್ನೆ ಬೆಳಿಗ್ಗೆ ಮೈಸೂರಿನ ಸರಸ್ವತಿಪುರಂನ ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿ, ನನ್ನ ಬಾಯಿಯ ಬೆಲೆ ಎಷ್ಟೆಂದು ಒಂದು ಹಾಳೆಯಲ್ಲಿ ಬರೆಸಿಕೊಂಡು ಬಂದೆ. ಮೂರು ಹಲ್ಲುಗಳಿಗೆ ಇಂಪ್ಲಾಂಟ್ (ದವಡೆಯ ಮೂಳೆಗೆ ಲೋಹದ ತಿರುಪು ಹಾಕಿ ಅದರ ಮೇಲೆ ಕೃತಕ ಹಲ್ಲು ಕೂರಿಸುವುದು), ಮೇಲಿನ ಕ್ಯಾಪ್ ಸೇರಿ ಒಂದಕ್ಕೆ 36,000 ರೂಪಾಯಿ, ದವಡೆಯ ಮೂಳೆ ಸವೆದಿರುವುದರಿಂದ ಅದನ್ನು ತುಂಬಲು 15,000, ಸ್ಕ್ಯಾನಿಗೆ 2,500. ಒಟ್ಟು 1,25,500. ನನಗೆ ಬರುವ ಪಿಂಚಣಿ ತಿಂಗಳಿಗೆ 3,140 ರೂಪಾಯಿ. ಲೆಕ್ಕ ನನ್ನ ವಿಷಯವಲ್ಲ, ಆದರೂ ಆಟೋದಲ್ಲಿ ಕುಳಿತು ಭಾಗಿಸಿ ನೋಡಿದೆ. ನಲವತ್ತು ತಿಂಗಳು ಏನನ್ನೂ ತಿನ್ನದೆ ಇದ್ದರೆ, ತಿನ್ನುವುದಕ್ಕೆ ಹಲ್ಲು ಬರುತ್ತವೆ.

ಅನುದಾನರಹಿತ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ ನನ್ನ ಪಿಂಚಣಿ ಭವಿಷ್ಯನಿಧಿಯದು (ಪಿಎಫ್). 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು 1,000 ರೂಪಾಯಿ ಮಾಡಿದರೆಂಬ ಸುದ್ದಿ ಬಂದ ದಿನ ನಾವೆಲ್ಲ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆವು. ಆಗ ನಗುವುದಕ್ಕೆ ಹಲ್ಲುಗಳಾದರೂ ಇದ್ದವು.

ಮೂರು ಲಕ್ಷದ ಆರೋಗ್ಯ ವಿಮೆಯೊಂದನ್ನು ಹನ್ನೊಂದು ವರ್ಷಗಳಿಂದ ಒಂದು ಕಂತೂ ತಪ್ಪಿಸದೆ ಕಟ್ಟಿಕೊಂಡು ಬಂದಿದ್ದೇನೆ. ಕಳೆದ ವರ್ಷದ ಸೆಪ್ಟೆಂಬರ್ 22ರಿಂದ, ಎಂದರೆ 2025ರಲ್ಲಿ, ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ತೆಗೆದಾಗ ಇಲ್ಲಿಯೇ ಸಂತೋಷಪಟ್ಟು ಬರೆದಿದ್ದೆ. ಆ ಧೈರ್ಯದಲ್ಲಿ ಚಿಕಿತ್ಸಾಲಯದಿಂದಲೇ ವಿಮಾ ಕಂಪನಿಗೆ ಫೋನ್ ಮಾಡಿದರೆ, ಆ ಕಡೆಯ ಹುಡುಗ ಬಹಳ ವಿನಯದಿಂದ, "ಮೇಡಂ, ಅಪಘಾತದಲ್ಲಿ ಹಲ್ಲು ಹೋಗಿದ್ದರೆ ನೋಡಬಹುದಿತ್ತು, ಹೀಗೆ ತಾನಾಗಿ ಹೋದದ್ದಕ್ಕೆ ಬರುವುದಿಲ್ಲ, ಅದು ಕಾಸ್ಮೆಟಿಕ್ ಆಗುತ್ತದೆ" ಎಂದ. ಹಲ್ಲು ಅಲುಗಾಡತೊಡಗಿದ ದಿನವೇ ಯಾವುದಾದರೂ ಸ್ಕೂಟರಿನ ಮುಂದೆ ಹೋಗಿ ನಿಲ್ಲಬೇಕಿತ್ತು, ನನಗೆ ಬುದ್ಧಿ ಸಾಲಲಿಲ್ಲ.

ಕಾಸ್ಮೆಟಿಕ್ ಎಂಬ ಆ ಪದ ನಿನ್ನೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ. ನನ್ನ ಅಣ್ಣನಿಗೆ ಎರಡೂ ಮೊಣಕಾಲಿಗೆ ಲೋಹದ ಕೀಲು ಹಾಕಿದರು, ವಿಮೆ ಕೊಟ್ಟಿತು. ನನ್ನ ಕಣ್ಣಿನ ಪೊರೆ ತೆಗೆದು ಕೃತಕ ಮಸೂರ ಕೂರಿಸಿದರು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬಂದಿದ್ದೆ, ಅದಕ್ಕೂ ಕೊಟ್ಟಿತು. ಅಂಥದೇ ಲೋಹ ಮೂರು ಅಡಿ ಮೇಲೆ ಬಂದು ದವಡೆಯಲ್ಲಿ ಕುಳಿತರೆ ಶೋಕಿಯಾಗಿಬಿಡುತ್ತದೆ. ನಡೆಯುವುದು ಅಗತ್ಯ, ನೋಡುವುದು ಅಗತ್ಯ, ಅಗಿಯುವುದು ಮಾತ್ರ ಅಲಂಕಾರ! ಈ ವಿದ್ಯೆಯೇನೂ ಹೊಸದಲ್ಲ. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆಂದು ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್ ಮೊದಲ ರೋಗಿಯ ದವಡೆಗೆ ಅದನ್ನು ಹಾಕಿದ್ದು 1965ರಲ್ಲಿ, ಹೆಚ್ಚುಕಡಿಮೆ ನನ್ನ ಹಾಲುಹಲ್ಲು ಬೀಳತೊಡಗಿದ ಕಾಲಕ್ಕೆ. ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ, ಮೊಣಕಾಲಿನ ಕೀಲಿಗೆ ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿತು. ಬಾಯಿಯ ತಿರುಪಿಗೆ ಅಂಥ ಮಿತಿ ಹಾಕಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ಅಲಂಕಾರ ಎಂದರೇನೆಂದು ನಿನ್ನೆ ಅಲ್ಲಿಯೇ ಕಣ್ಣಾರೆ ಕಂಡೆ. ನನ್ನ ಪಕ್ಕದಲ್ಲಿ ನಂಜನಗೂಡು ಕಡೆಯ ಒಬ್ಬ ಹಿರಿಯರು ಕುಳಿತಿದ್ದರು. ವೈದ್ಯೆ ಹೊರಗೆ ಬಂದು "ಸೆಟ್ ಎಲ್ಲಿ ತಾತ?" ಎಂದು ಕೇಳಿದಾಗ, ಅವರು ಅಂಗಿಯ ಜೇಬಿನಿಂದ ಚೌಕದ ಕರವಸ್ತ್ರದ ಗಂಟು ತೆಗೆದು, ನಿಧಾನವಾಗಿ ಬಿಚ್ಚಿ, ಒಳಗಿದ್ದ ಹಲ್ಲಿನ ಸೆಟ್ಟನ್ನು ಪ್ರಸಾದದಂತೆ ಅಂಗೈಯಲ್ಲಿ ಹಿಡಿದು ತೋರಿಸಿದರು. ವಸಡಿನ ಕಡೆಯ ಗುಲಾಬಿ ಬಣ್ಣದ ಮೇಲೆ ಒಂದು ಕಡಲೆಪುರಿಯ ಚೂರು ಅಂಟಿಕೊಂಡಿತ್ತು. "ಉಣ್ಣಕ್ ಆಗಲ್ಲ ಕಣವ್ವ, ಒತ್ತುತ್ತೆ. ಮದ್ವೆಗ್ ಹೋದಾಗ ಇಕ್ಕತೀನಿ, ಎಲೆ ಮುಂದೆ ಕೂತಾಗ ತೆಗಿತೀನಿ" ಎಂದರು. ಆ ಸೆಟ್ಟೇ ನಿಜವಾದ ಕಾಸ್ಮೆಟಿಕ್. ಆದರೆ ಸಿಗುವುದು ಅದೇ. ನಮ್ಮ ರಾಜ್ಯದ ದಂತಭಾಗ್ಯ ಯೋಜನೆಯಲ್ಲಿ ಉಚಿತವಾಗಿ ಕೊಡುವುದೂ ಇಂಥ ಸೆಟ್ಟನ್ನೇ, ಅದೂ ಬಿಪಿಎಲ್ ಕುಟುಂಬದವರಿಗೆ. ನನ್ನದು ಎಪಿಎಲ್ ಕಾರ್ಡ್. ಕೇಂದ್ರದ ಆಯುಷ್ಮಾನ್ 2024ರ ಅಕ್ಟೋಬರಿನಿಂದ ಆದಾಯ ನೋಡದೆ 5 ಲಕ್ಷದ ರಕ್ಷಣೆ ಕೊಡಲು ತೊಡಗಿದ್ದು 70 ತುಂಬಿದವರಿಗೆ, ನನಗೆ 66. ಇನ್ನು ನಾಲ್ಕು ವರ್ಷ ಕಾದರೂ ಅದು ಆಸ್ಪತ್ರೆಯಲ್ಲಿ ದಾಖಲಾಗುವ ಕಾಯಿಲೆಗಳಿಗಾಗಿ ಇರುವ ಯೋಜನೆ. ಹಲ್ಲಿಗಾಗಿ ಯಾರು ಹಾಸಿಗೆ ಹಿಡಿಯುತ್ತಾರೆ?

ಮೇಲಿನ ಸಾಲಿನ ಮುಂದಿನ ಹಲ್ಲು ಹೋದದ್ದು ಕಳೆದ ದಸರಾ ಹೊತ್ತಿಗೆ. ತ, ಥ, ದ, ಧ ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಬೇಕು, ಅದಕ್ಕೇ ಅವು ದಂತ್ಯಾಕ್ಷರಗಳು ಎಂದು ಎಷ್ಟು ತಂಡದ ಮಕ್ಕಳಿಗೆ ಬಾಯಿ ತೆರೆದು ತೋರಿಸಿ ಕಲಿಸಿದ್ದೇನೋ. ಈಗ ನನ್ನ ನಾಲಗೆ ಅಲ್ಲಿಗೆ ಹೋಗಿ ಖಾಲಿ ಜಾಗ ತಡವಿ ಹಿಂದಿರುಗುತ್ತದೆ. ಆಟೋದವನಿಗೆ 'ಸರಸ್ವತಿಪುರಂ' ಎಂದರೆ ಸೀಟಿ ಹೊಡೆದಂತಾಗಿ, ಅವನು ತಿರುಗಿ ನೋಡಿದ. ಮಾತನ್ನೇ ನಂಬಿ ಬದುಕಿದವಳಿಗೆ ಇದು ಸೌಂದರ್ಯದ ಪ್ರಶ್ನೆಯಂತೆ.

ಒಂದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಕೆಳಗಿನ ಎರಡು ದವಡೆಹಲ್ಲು ಕೀಳಿಸಿದ್ದು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಎರಡು ವರ್ಷ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. 800 ರೂಪಾಯಿಯ ಕ್ಲೀನಿಂಗ್ ಮಾಡಿಸಿಕೊಳ್ಳಿ ಎಂದಿದ್ದರು. ಮಗಳ ಕಾಲೇಜಿನ ಶುಲ್ಕದ ನೆಪ ಹೇಳಿಕೊಂಡು ಮುಂದೂಡಿದೆ. ನೆಪವೆಂದೇ ಹೇಳುತ್ತೇನೆ, ಏಕೆಂದರೆ ಅದೇ ವರ್ಷ 4,000 ರೂಪಾಯಿ ಕೊಟ್ಟು ಸೀರೆ ತೆಗೆದುಕೊಂಡಿದ್ದೆ. ಹಲ್ಲಿಲ್ಲದ ಜಾಗದಲ್ಲಿ ಮೂಳೆ ಕರಗುತ್ತಾ ಹೋಗುತ್ತದೆಂದು ಗೊತ್ತಾದದ್ದು ನಿನ್ನೆ ಸ್ಕ್ಯಾನಿನ ಪರದೆಯ ಮೇಲೆ. ಆ 15,000 ಶುದ್ಧವಾಗಿ ನನ್ನ ದಂಡ, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಎಲ್ಲರ ಹಲ್ಲಿಗೂ ಹಣ ಕೊಡುತ್ತಾ ಹೋದರೆ ಕಂತು ಏರುತ್ತದೆ ಎಂದು ಅಣ್ಣ ವಾದಿಸಿದ. ಎರಡು ಹೊಸ ಮೊಣಕಾಲಿನ ಮೇಲೆ ನಿಂತು ಅವನು ಇದನ್ನು ಹೇಳಬಹುದು. ಹಲ್ಲಿಗೆ ಬಿಡಿಗಾಸು ಕೊಡದ ಈ ಹನ್ನೊಂದು ವರ್ಷಗಳಲ್ಲಿ ನನ್ನ ಕಂತೇನು ಇಳಿದಿದೆಯೇ? ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೆ ಹೋಗು, ಕಡಿಮೆಯಲ್ಲಿ ಆಗುತ್ತದೆ ಎಂದೂ ಹೇಳಿದ. ತಿರುಪು ಹಾಕಿದ ಮೇಲೆ ಮೂಳೆ ಹಿಡಿಯಲು ಮೂರರಿಂದ ಆರು ತಿಂಗಳು ಬೇಕು, ನಡುವೆ ಹೊಲಿಗೆ ಬಿಚ್ಚಲು, ಅಳತೆ ಕೊಡಲು, ಕ್ಯಾಪ್ ಕೂರಿಸಲು ಓಡಾಡಬೇಕು. ಒಬ್ಬಳೇ ಇರುವ ನಾನು ಪ್ರತಿ ಸಲ ಮರಗಟ್ಟಿದ ಬಾಯಿ ಹೊತ್ತು ರೈಲಿನಲ್ಲಿ ಮೈಸೂರಿಗೆ ಮರಳುವ ಚಿತ್ರ ಅವನಿಗೆ ಕಾಣುವುದಿಲ್ಲ.

ಚಿಕಿತ್ಸಾಲಯದ ಹುಡುಗಿ ಕಂತಿನ ಸಾಲದ ಅರ್ಜಿಯನ್ನೂ ಮುಂದಿಟ್ಟಳು. ಹುಟ್ಟಿದ ದಿನಾಂಕ ತುಂಬಿದೊಡನೆ ಮೊಬೈಲಿನಲ್ಲಿ ಕೆಂಪು ಅಕ್ಷರ ಬಂತು. "ವಯಸ್ಸು ಜಾಸ್ತಿ ಆಯ್ತಂತೆ ಆಂಟಿ" ಎಂದು ಅವಳೇ ನಾಚಿಕೊಂಡಳು.

ಕೊನೆಗೆ ಎರಡು ಲಕ್ಷದ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಲು ಬ್ಯಾಂಕಿಗೆ ಬರೆದುಕೊಟ್ಟಿದ್ದೇನೆ. ಮಗಳಿಗೆ ಹೇಳಿಲ್ಲ, ಹೇಳಿದರೆ ಅವಳೇ ಹಣ ಕಳುಹಿಸುತ್ತಾಳೆ. ಇದನ್ನು ಓದಿದವರು ಅವಳಿಗೆ ಫೋನ್ ಮಾಡಬೇಡಿ. ಠೇವಣಿಯನ್ನೆಲ್ಲ ಬಾಯಿಗೆ ಸುರಿಯಲು ಧೈರ್ಯವಾಗದೆ ಕೆಳಗಿನ ಎರಡನ್ನು ಮಾತ್ರ ಮಾಡಿಸುತ್ತಿದ್ದೇನೆ, ಅನ್ನ ಅಗಿಯುವುದು ಅವುಗಳಿಂದಲೇ ತಾನೇ. ಮುಂದಿನ ಹಲ್ಲಿನ ಜಾಗಕ್ಕೆ ಸದ್ಯಕ್ಕೆ ಸೆರಗು ಇದೆ. ಗುರುವಾರ ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ ಪರೀಕ್ಷೆ. ಅದು ಹತೋಟಿಯಲ್ಲಿದ್ದರಷ್ಟೇ ಕೊರೆಯುವುದಾಗಿ ವೈದ್ಯೆ ಹೇಳಿದ್ದಾರೆ. ಅಲ್ಲಿಯವರೆಗೆ ರವೆ ಗಂಜಿ, ಸಕ್ಕರೆ ಇಲ್ಲದ್ದು.