ಅಂಕ ಕಡಿಮೆ ಬಿದ್ದವರ ಗಮನಕ್ಕೆ

ಮೂತ್ರಪಿಂಡ ಕೈಕೊಡುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಗಳ ಬಗ್ಗೆ ವೈದ್ಯರು ಪೂರ್ತಿ ಹೇಳುವುದಿಲ್ಲ. ಉಪ್ಪು ಕಡಿಮೆ ಮಾಡಿ, ರಕ್ತದೊತ್ತಡ ನೋಡಿಕೊಳ್ಳಿ, ಕಂಡ ಕಂಡ ನೋವಿನ ಮಾತ್ರೆ ನುಂಗಬೇಡಿ ಎನ್ನುತ್ತಾರೆ. ಮದುವೆಯಾಗಿ, ಮಕ್ಕಳಿರಲಿ, ಗೌರವದ ಕೆಲಸ ಹಿಡಿಯಿರಿ, ಭಾನುವಾರ ಚರ್ಚ್ ತಪ್ಪಿಸಬೇಡಿ, ಬಿಡುವಿದ್ದರೆ ಯಾವುದಾದರೂ ಸಂಘದಲ್ಲಿ ಪದಾಧಿಕಾರಿಯಾಗಿ ಎಂದು ಯಾರೂ ಹೇಳುವುದಿಲ್ಲ. 1962ರ ಸಿಯಾಟಲ್‌ನಲ್ಲಿ ಬದುಕಿ ಉಳಿಯಲು ಬೇಕಾಗಿದ್ದ ಪಥ್ಯ ಈ ಎರಡನೆಯದು.

ಅಮೆರಿಕದ ಆ ಊರಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು 1960ರಲ್ಲಿ ಟೆಫ್ಲಾನ್‌ನ ಪುಟ್ಟ ಕೊಳವೆಯೊಂದನ್ನು ರೋಗಿಯ ತೋಳಿನ ರಕ್ತನಾಳಗಳಿಗೆ ಜೋಡಿಸಿ ಅಲ್ಲೇ ಬಿಟ್ಟರು. ಅಲ್ಲಿಯವರೆಗೆ ಡಯಾಲಿಸಿಸ್ (ಯಂತ್ರದ ಮೂಲಕ ರಕ್ತ ಸೋಸುವುದು) ಎಂದರೆ ಕೆಲವೇ ಸಲ ಮಾಡಬಹುದಾದ ತಾತ್ಕಾಲಿಕ ಉಪಾಯ. ಪ್ರತಿ ಸಲವೂ ಒಂದೊಂದು ರಕ್ತನಾಳ ಹಾಳಾಗುತ್ತಿತ್ತು. ಕೊಳವೆ ಬಂದ ಮೇಲೆ ವರ್ಷಗಟ್ಟಲೆ ಬದುಕಬಹುದು ಎಂದಾಯಿತು. ಬದುಕಬಹುದು ಎಂದಾದ ಕೂಡಲೇ ಯಾರು ಬದುಕಬೇಕು ಎಂಬ ಪ್ರಶ್ನೆ ಎದ್ದಿತು, ಏಕೆಂದರೆ ಯಂತ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ಊರ ತುಂಬ. ಇಂಥ ಪ್ರಶ್ನೆ ಎದುರಾದಾಗ ಸಭ್ಯ ಸಮಾಜ ಏನು ಮಾಡುತ್ತದೆಯೋ ಸಿಯಾಟಲ್ ಅದನ್ನೇ ಮಾಡಿತು. ಸಮಿತಿ ರಚಿಸಿತು.

ಏಳು ಜನ. ವಕೀಲ, ಪಾದ್ರಿ, ಬ್ಯಾಂಕರ್, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ನಾಯಕ, ಶಸ್ತ್ರಚಿಕಿತ್ಸಕ. ಹೆಸರು ಗುಪ್ತ, ಸಂಬಳ ಶೂನ್ಯ. ಮಕ್ಕಳನ್ನೂ 45 ದಾಟಿದವರನ್ನೂ ವೈದ್ಯರು ಮೊದಲೇ ಸೋಸಿ ತೆಗೆದಿರುತ್ತಿದ್ದರು. ಉಳಿದವರ ವಯಸ್ಸು, ಲಿಂಗ, ಮದುವೆ, ಅವಲಂಬಿತರ ಸಂಖ್ಯೆ, ಆದಾಯ, ಆಸ್ತಿ, ಓದು, ಉದ್ಯೋಗ, ಮನಸ್ಸಿನ ಸ್ಥಿಮಿತ, ದೈವಭಕ್ತಿ, ಮುಂದೆ ಸಮಾಜಕ್ಕೆ ಆಗಬಹುದಾದ ಪ್ರಯೋಜನ, ಇಷ್ಟನ್ನೂ ಈ ಏಳು ಜನ ಮೇಜಿನ ಮೇಲೆ ಹರಡಿಕೊಂಡು ತೂಗುತ್ತಿದ್ದರು. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲ.

1962ರ ನವೆಂಬರ್‌ನಲ್ಲಿ ಲೈಫ್ ಪತ್ರಿಕೆ ಈ ಮಾತುಕತೆಯನ್ನು ಅಚ್ಚು ಹಾಕಿತು. ಅದರಲ್ಲಿ ಬರುವ ಒಂದು ವಾದವನ್ನು ನಾನು ಯಾವ ನೀತಿಶಾಸ್ತ್ರದ ಪಾಠಕ್ಕೂ ಬಿಟ್ಟುಕೊಡಲಾರೆ. ತಂದೆ ಸತ್ತರೆ ಮಕ್ಕಳ ಗತಿಯೇನು ಎಂದು ಯೋಚಿಸುತ್ತ ಸದಸ್ಯರು ವಿಧವೆಯ ಮರುಮದುವೆಯವರೆಗೆ ಹೋದರು. ಮೂರು ಮಕ್ಕಳ ತಾಯಿಗಾದರೆ ಇನ್ನೊಬ್ಬ ಗಂಡ ಸಿಕ್ಕಾನು, ಆರು ಮಕ್ಕಳಿರುವವಳನ್ನು ಯಾರು ಕಟ್ಟಿಕೊಳ್ಳುತ್ತಾರೆ? ಹೀಗಾಗಿ ಆರು ಮಕ್ಕಳ ತಂದೆಯ ಮೂತ್ರಪಿಂಡಕ್ಕೆ ತೂಕ ಹೆಚ್ಚು. ಗಂಡನ ಮಂಚದ ಪಕ್ಕದಲ್ಲಿ ಕೈ ಹಿಡಿದು ಕುಳಿತಿದ್ದ ಹೆಂಡತಿಗೆ, ಅವಳಿಗೆ ಗೊತ್ತೇ ಆಗದಂತೆ, ಏಳು ಅಪರಿಚಿತರು ಎಲ್ಲೋ ಕುಳಿತು ವರ ಹುಡುಕುತ್ತಿದ್ದರು.

ಉಳಿತಾಯದ ವಿಷಯದಲ್ಲೂ ತಕರಾರು ಬಂತು. ಕೂಡಿಟ್ಟವನು ಸತ್ತರೂ ಅವನ ಮನೆ ನಡೆಯುತ್ತದೆ, ಆದ್ದರಿಂದ ಯಂತ್ರ ಬರಿಗೈಯವನಿಗೆ ಹೋಗಲಿ ಎಂದರೆ, ಹಾಗೆ ಮಾಡಿದರೆ ಮುಂದಾಲೋಚನೆ ಇದ್ದವನಿಗೇ ದಂಡ ಹಾಕಿದಂತಾಗುವುದಿಲ್ಲವೇ ಎಂಬ ಆಕ್ಷೇಪ. ಎರಡೂ ಸರಿಯೇ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದು, ಯಾವ ಸಂಘಕ್ಕೂ ಚಂದಾ ಕೊಡದೆ, ಸಂಜೆ ಹೊತ್ತು ಕೊಳಲು ಊದಿಕೊಂಡಿದ್ದವನ ಅರ್ಜಿ ಮಾತ್ರ ಯಾವ ಲೆಕ್ಕದಲ್ಲೂ ಮೇಲೆ ಬರುತ್ತಿರಲಿಲ್ಲ. ಅವನ ಸಾವಿನಿಂದ ಯಾರಿಗೂ ತೊಂದರೆಯಿಲ್ಲ, ಅವನೊಬ್ಬನನ್ನು ಬಿಟ್ಟು.

ಈ ಏಳು ಜನ ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅವರು ಒಳ್ಳೆಯವರು. ತಾವು ಕುಳಿತಿರುವುದು ದೇವರ ಕುರ್ಚಿಯಲ್ಲಿ ಎಂಬ ಅಳುಕು ಅವರಿಗಿತ್ತು. ಅವರ ಎದುರಿಗೆ ಬಂದ ಪ್ರಶ್ನೆಯೇ ಅರ್ಧ ಕತ್ತರಿಸಿದ್ದು: ಇರುವ ಯಂತ್ರ ಇಷ್ಟು, ಯಾರಿಗೆ ಕೊಡುತ್ತೀರಿ? ಯಂತ್ರ ಏಕೆ ಇಷ್ಟೇ ಎಂಬ ಇನ್ನರ್ಧ ಬೇರೆ ಕೋಣೆಯಲ್ಲಿ ಉಳಿದುಕೊಂಡಿತ್ತು. ಆ ಕೋಣೆಗೆ ಪಾದ್ರಿಯನ್ನಾಗಲಿ ಗೃಹಿಣಿಯನ್ನಾಗಲಿ ಕರೆಯುವ ಪದ್ಧತಿ ಇಲ್ಲ. ಅಲ್ಲಿ ಕುಳಿತವರ ಹೆಂಡತಿಯರ ಮರುಮದುವೆಯ ಬಗ್ಗೆ ಯಾರೂ ಚರ್ಚಿಸುವುದೂ ಇಲ್ಲ.

ಆಮೇಲೆ ಏನಾಯಿತು ಎಂಬುದು ಇನ್ನೂ ಸ್ವಾರಸ್ಯ. 1972ರ ಸೆಪ್ಟೆಂಬರ್ 30ರಂದು ಅಮೆರಿಕದ ಸೆನೆಟ್ ಸುಮಾರು ಅರ್ಧ ಗಂಟೆ ಮಾತಾಡಿ, ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಯನ್ನು ಸರ್ಕಾರಿ ವಿಮೆಗೆ ಸೇರಿಸುವ ತಿದ್ದುಪಡಿಗೆ ಕೈ ಎತ್ತಿತು. ಮುಂದಿನ ತಿಂಗಳು ಅಧ್ಯಕ್ಷರ ಸಹಿ ಬಿತ್ತು, 1973ರಿಂದ ಹಣ ಹರಿಯಿತು. ಅಲ್ಲಿಗೆ ವಿಧವೆಯ ಭವಿಷ್ಯ, ಪಾದ್ರಿಯ ಅಳುಕು, ದೇವರ ಕುರ್ಚಿ ಎಲ್ಲವೂ ಖಾಲಿ. ತತ್ವಜ್ಞಾನಿಗಳು ವರ್ಷಗಟ್ಟಲೆ ಬಿಡಿಸುತ್ತ ಕುಳಿತಿದ್ದ ನೀತಿಯ ಗಂಟನ್ನು ಖಜಾನೆಯ ಗುಮಾಸ್ತ ಬಿಚ್ಚಿದ. ಆಸ್ಪತ್ರೆಗಳಿಗೆ ಆಮೇಲೆ ಅಗತ್ಯ ಬಿದ್ದದ್ದು ಯಂತ್ರ, ನರ್ಸ್ ಮತ್ತು ಬಿಲ್ ಬರೆಯುವವರು.

ಎಲ್ಲ ಕೊರತೆಯೂ ಹೀಗೆ ಸಹಿಯಿಂದ ನೀಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸತ್ತವರಿಂದ ಕಸಿಗೆ ಸಿಗುವ ಯಕೃತ್ತನ್ನು ಕಾನೂನು ಮಾಡಿ ಹೆಚ್ಚಿಸಲಾಗದು. ಯುದ್ಧಭೂಮಿಯಲ್ಲಿ ಗಾಯಾಳುಗಳು ಒಮ್ಮೆಲೇ ಬಂದು ಬಿದ್ದರೆ ಯಾರನ್ನು ಮೊದಲು ಮುಟ್ಟಬೇಕು ಎಂದು ತೀರ್ಮಾನಿಸಲೇಬೇಕು. ನೆಪೋಲಿಯನ್‌ನ ಸೇನಾವೈದ್ಯ ದೊಮಿನಿಕ್ ಲಾರೆ ಅದಕ್ಕೆ ಒಂದು ನೇರ ಉತ್ತರ ಕೊಟ್ಟಿದ್ದ: ಗಾಯ ನೋಡು, ಪದವಿ ನೋಡಬೇಡ. ಇನ್ನೂರು ವರ್ಷ ಕಳೆದರೂ ಈ ಉತ್ತರ ಕೆಟ್ಟಿಲ್ಲ. ತುಂಬಾ ಸರಳವಾಗಿರುವುದೇ ಅದರ ದೋಷ. ಅದರಲ್ಲಿ ಸಮಿತಿಗೆ ಜಾಗವಿಲ್ಲ, ಸಲಹೆಗಾರನಿಗೆ ಶುಲ್ಕವಿಲ್ಲ.

ಸಮಿತಿಗೆ ಕೆಟ್ಟ ಹೆಸರು ಬಂದ ಮೇಲೆ ಗಣಿತ ಬಂತು. ಗಣಿತಕ್ಕೆ ಹೆಂಡತಿ ಮಕ್ಕಳಿಲ್ಲ, ಅದು ಚರ್ಚಿಗೆ ಹೋಗುವುದಿಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ ಎಂಬ ನಂಬಿಕೆ. ಆರೆಗಾನ್ ರಾಜ್ಯ ಬಡವರ ವಿಮೆಯಲ್ಲಿ ಯಾವ ಚಿಕಿತ್ಸೆಗೆ ಮೊದಲು ಹಣ ಕೊಡಬೇಕು ಎಂದು ಲಾಭ, ಖರ್ಚು, ಅವಧಿ ಎಲ್ಲವನ್ನೂ ಕಂಪ್ಯೂಟರ್‌ಗೆ ಉಣಿಸಿ 1990ರಲ್ಲಿ ಒಂದು ಕರಡು ಪಟ್ಟಿ ತೆಗೆಯಿತು. ಹುಳುಕು ಹಲ್ಲಿಗೆ ಕ್ಯಾಪ್ ಹಾಕುವುದು 371ನೆಯ ಸ್ಥಾನ. ಗರ್ಭಕೋಶದ ಹೊರಗೆ ಕಟ್ಟಿದ ಗರ್ಭ ಒಡೆದು ಹೆಂಗಸು ಸಾಯದಂತೆ ಮಾಡುವ ಶಸ್ತ್ರಚಿಕಿತ್ಸೆ 372. ದವಡೆಯ ಕೀಲು ನೋವಿಗೆ ಹಾಕುವ ಸ್ಪ್ಲಿಂಟ್ 376. ಅಪೆಂಡಿಕ್ಸ್ ತೆಗೆಯುವುದು 377. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕ್ಯಾಪ್ ಅಗ್ಗ, ಶಸ್ತ್ರಚಿಕಿತ್ಸೆ ದುಬಾರಿ. ಭಾಗಿಸಿದರೆ ಹಲ್ಲು ಗೆಲ್ಲುತ್ತದೆ. ಹೊಟ್ಟೆ ಹಿಡಿದುಕೊಂಡು ಬಂದವನಿಗೆ, ನಿಮ್ಮದು ಆರು ಸ್ಥಾನ ಕೆಳಗಿದೆ, ಹಲ್ಲಿನ ಸಮಸ್ಯೆ ಏನಾದರೂ ಇದೆಯೇ ಎಂದು ಕೇಳಬೇಕಾದ ಪರಿಸ್ಥಿತಿ. ಜನ ನಕ್ಕರು, ಪಟ್ಟಿಯನ್ನು ಹಿಂದಕ್ಕೆ ಪಡೆದು ತಿದ್ದಿದರು. ಪಟ್ಟಿ ಬೇಕಾಗಿದ್ದು ಬಡವರಿಗೆ ಮಾತ್ರ ಏಕೆ ಎಂಬುದಕ್ಕೆ ಅಷ್ಟು ಜನ ನಗಲಿಲ್ಲ.

ಈಗ ಗಣಿತವೂ ಹಳತಾಯಿತು, ಅಲ್ಗಾರಿದಮ್ ಬಂದಿದೆ. ಯಾರಿಗೆ ಹೆಚ್ಚಿನ ಆರೈಕೆ ಬೇಕು ಎಂದು ಗುರುತಿಸಲು ಅಮೆರಿಕದಲ್ಲಿ ವ್ಯಾಪಕವಾಗಿ ಬಳಸುತ್ತಿದ್ದ ಒಂದು ತಂತ್ರಾಂಶವನ್ನು ಸಂಶೋಧಕರು ಪರೀಕ್ಷಿಸಿದ ವರದಿ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಯಾರ ಮೇಲೆ ಹೆಚ್ಚು ಖರ್ಚಾಗುತ್ತದೆಯೋ ಅವರಿಗೇ ರೋಗ ಹೆಚ್ಚು ಎಂದು ಅದು ತಿಳಿದಿತ್ತು. ಚಿಕಿತ್ಸೆಯೇ ಸರಿಯಾಗಿ ಸಿಗದ ಕಪ್ಪು ಜನರ ಮೇಲೆ ಖರ್ಚು ಕಡಿಮೆ. ಹಾಗಾಗಿ ಅವರು ಆರೋಗ್ಯವಂತರು. ಊಟ ಸಿಗದವನಿಗೆ ಹಸಿವಿಲ್ಲ ಎಂಬ ಈ ಸಿದ್ಧಾಂತವನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಕಾಗಿರಲಿಲ್ಲ, ಆಡಳಿತಕ್ಕೆ ಅದು ಮೊದಲಿಂದಲೂ ಗೊತ್ತಿತ್ತು. ಮರುವರ್ಷ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಆಸ್ಪತ್ರೆ ತನ್ನ ಮೊದಲ 5,000 ಡೋಸ್ ಕೋವಿಡ್ ಲಸಿಕೆಯನ್ನು ಸೂತ್ರ ಹಾಕಿ ಹಂಚಿದಾಗ, ತರಬೇತಿಯಲ್ಲಿದ್ದ 1,300ಕ್ಕೂ ಹೆಚ್ಚು ಕಿರಿಯ ವೈದ್ಯರಲ್ಲಿ ಮೊದಲ ಪಟ್ಟಿಗೆ ಬಂದವರು ಏಳು ಮಂದಿ. ಪ್ರತಿಭಟನೆಯಾಯಿತು. ತಪ್ಪು ಸೂತ್ರದ್ದು ಎಂದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಆಡಳಿತಗಾರನಿಗೆ ಸೂತ್ರಕ್ಕಿಂತ ಒಳ್ಳೆಯ ಸಹೋದ್ಯೋಗಿ ಸಿಗಲಾರ. ಬೈದರೆ ತಿರುಗಿ ಮಾತಾಡುವುದಿಲ್ಲ, ರಾಜೀನಾಮೆಯನ್ನೂ ಕೊಡುವುದಿಲ್ಲ.

ಸಮಿತಿ, ಪಟ್ಟಿ, ಸೂತ್ರ ಮೂರನ್ನೂ ದಾಟಿದ ಶುದ್ಧ ನ್ಯಾಯ ಒಂದಿದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ಸ್ನಾಯು ಕ್ಷಯಿಸುವ ಕಾಯಿಲೆಗೆ ಝೋಲ್ಜೆನ್‌ಸ್ಮಾ ಎಂಬ ಒಂದೇ ಡೋಸಿನ ಔಷಧವಿದೆ. 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 21 ಲಕ್ಷ ಡಾಲರ್‌ಗೂ ಹೆಚ್ಚು. ಔಷಧಕ್ಕೆ ಇನ್ನೂ ಅನುಮತಿ ಸಿಗದ ದೇಶಗಳ ಶಿಶುಗಳಿಗಾಗಿ ನೊವಾರ್ಟಿಸ್ ಕಂಪನಿ 2020ರಲ್ಲಿ ಉಚಿತ ಯೋಜನೆ ಆರಂಭಿಸಿತು. ವರ್ಷಕ್ಕೆ ಹೆಚ್ಚೆಂದರೆ 100 ಡೋಸ್. ತಯಾರಿಕೆಯ ಸಾಮರ್ಥ್ಯ ಅಷ್ಟೇ ಎಂದಿತು. ನೀತಿಶಾಸ್ತ್ರಜ್ಞರ ಸಲಹಾ ಸಮಿತಿಯನ್ನು ಕೇಳಿಯೇ ವ್ಯವಸ್ಥೆ ರೂಪಿಸಿದ್ದೇವೆ ಎಂದೂ ಹೇಳಿತು, ಮತ್ತು ಅವರೆಲ್ಲ ಸೇರಿ ತಲುಪಿದ ಉತ್ತರ ಲಾಟರಿ. ಎರಡು ವಾರಕ್ಕೊಮ್ಮೆ ಡ್ರಾ. ಇಲ್ಲಿ ತಂದೆಯ ಉದ್ಯೋಗ ಕೇಳುತ್ತಿರಲಿಲ್ಲ, ತಾಯಿಗೆ ಇನ್ನೆಷ್ಟು ಮಕ್ಕಳು ಎಂದು ಎಣಿಸುತ್ತಿರಲಿಲ್ಲ, ಯಾವ ದೇವರಿಗೆ ಕೈ ಮುಗಿಯುತ್ತೀರಿ ಎಂದೂ ವಿಚಾರಿಸುತ್ತಿರಲಿಲ್ಲ. ನಿಯಮ ಎಲ್ಲ ಶಿಶುಗಳಿಗೂ ಒಂದೇ: ಎರಡು ವರ್ಷದೊಳಗಿರಬೇಕು. ತುಂಬಿದ ದಿನ ಹೆಸರು ಪಟ್ಟಿಯಿಂದ ಹೊರಕ್ಕೆ. ಹುಟ್ಟುಹಬ್ಬದ ಶುಭಾಶಯಗಳು.