ಅಪ್ಪಯ್ಯನ ಕೋವಿಗೆ ಹೊಂದುವ ತೋಟಾ

ನಮ್ಮ ಮನೆಯ ಜೋಡುನಳಿಗೆ ಕೋವಿಗೆ ಅಪ್ಪಯ್ಯ ತರುತ್ತಿದ್ದದ್ದು ಒಂದೇ ನಮೂನೆಯ ತೋಟಾ, ಅಂದರೆ ಕಾರ್ಟ್ರಿಜ್. ಕೆಂಪು ಕಾಗದದ ಕೊಳವೆ, ಬುಡಕ್ಕೆ ಹಿತ್ತಾಳೆ, ಒಳಗೆ 4 ನಂಬರ್ ಚರೆ, ಅಂದರೆ ಸೀಸದ ಸಣ್ಣ ಕಾಳು. ಅಪ್ಪಯ್ಯ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ನಾನೂ ಅದನ್ನೇ ತರುತ್ತಿದ್ದೆ. ಒಂದು ದಿನ ಅಂಗಡಿಯವರು, "ಅದು ಬರೋದು ನಿಂತುಹೋಯ್ತು, ಇನ್ನು ಕೇಳ್ಬೇಡಿ" ಎಂದರು. ನಿಜಕ್ಕೂ ಬೇಜಾರಾಯಿತು. ಈಡು ಹೊಡೆದ ಮೇಲೆ ಖಾಲಿ ತೋಟಾದಿಂದ ಬರುತ್ತಿದ್ದ ಸುಟ್ಟ ಕಾಗದದ ವಾಸನೆ ನನಗೆ ಇವತ್ತಿಗೂ ಅಪ್ಪಯ್ಯನ ವಾಸನೆಯೇ.

ಶಿರಸಿ, ಸಿದ್ದಾಪುರದ ಕಡೆ ತೋಟ ಇದ್ದವರಿಗೆ ಕೋವಿ ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. ಮಂಗಗಳು ಗುಂಪಾಗಿ ಬಂದು ಎಳೆ ಅಡಿಕೆ ಚೀಪಿ ಬೀಳಿಸುತ್ತವೆ. ಬೆಳಿಗ್ಗೆ ಮರದ ಬುಡ ನೋಡಿದರೆ ಹೊಟ್ಟೆ ಉರಿಯುತ್ತದೆ. ಗದ್ದೆಗೆ ಹಂದಿ ಬೇರೆ. ಶಿಕಾರಿಯ ಮಾತು ನಾನು ಆಡುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಮುಗಿದ ಕಥೆ, ಮುಗಿದದ್ದೇ ಒಳ್ಳೆಯದಾಯಿತು. ನಮ್ಮ ಕೋವಿ ಇರುವುದು ಗಾಳಿಗೆ ಒಂದು ಈಡು ಹೊಡೆದು ಓಡಿಸುವುದಕ್ಕೆ. ಹಾಗಾದರೆ ಯಾವ ತೋಟಾ ಆದರೇನು, ನಳಿಗೆಯ ಅಗಲಕ್ಕೆ ಹೊಂದುವ ಹನ್ನೆರಡು ಬೋರಿನದ್ದಾದರೆ ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಅಂಗಡಿಯವರು ಕೊಟ್ಟದ್ದು ಪ್ಲಾಸ್ಟಿಕ್ ಕೊಳವೆಯ ಹೊಸ ತೋಟಾ. "ಎಲ್ಲರೂ ಇದನ್ನೇ ಒಯ್ತಾರೆ" ಎಂದರು. ಮನೆಗೆ ತಂದು ನಳಿಗೆಗೆ ಹಾಕಿದೆ. ಸಲೀಸಾಗಿ ಕೂತಿತು. ಕೋವಿಯ ವಿಷಯ ಚೆನ್ನಾಗಿ ಬಲ್ಲ ಪಕ್ಕದ ಮನೆಯ ಮಾವ ಅವತ್ತು ಜಗಲಿಯಲ್ಲೇ ಕೂತಿದ್ದರು. ಪೆಟ್ಟಿಗೆ ಕೈಗೆ ತೆಗೆದುಕೊಂಡು ನೋಡಿದವರೇ, "ತಮಾ, ತಡಿ. ಮೊದಲು ನಳಿಗೆ ಕಳಚಿ ಅಡಿಗೆ ಏನು ಬರೆದಿದೆ ನೋಡು" ಎಂದರು. ನೋಡಿದರೆ ಸಣ್ಣ ಅಕ್ಷರದಲ್ಲಿ ಎರಡೂವರೆ ಇಂಚು ಎಂಬ ಗುರುತು, ನಳಿಗೆಯೊಳಗೆ ತೋಟಾ ಕೂರುವ ಜಾಗದ ಉದ್ದ. ತೋಟಾ ಪೆಟ್ಟಿಗೆಗಳ ಲೆಕ್ಕದಲ್ಲಿ ಅದು 65 ಮಿಲಿಮೀಟರ್. ಪೆಟ್ಟಿಗೆಯ ಮೇಲೆ ಇದ್ದದ್ದು 70.

ಇದೇ ನನ್ನ ನಿದ್ದೆ ಕೆಡಿಸಿದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆಯ ಮೇಲಿನ 70 ಅನ್ನುವುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮೊದಲು ತೋಟಾದ ಬಾಯಿ ಮಡಚಿರುತ್ತದೆ. ಆಗ ಅದು 65ಕ್ಕಿಂತಲೂ ಗಿಡ್ಡ. ಹಾಗಾಗಿ ಹಳೆಯ ಕೋವಿಯಲ್ಲೂ ಸುಮ್ನೆ ಕೂತುಬಿಡುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ. ನಳಿಗೆ ಕಿರಿದಾಗುವ ಕಡೆಗೇ ಅದು ಚಾಚಿಕೊಳ್ಳುತ್ತದೆ, ಒಳಗಿನ ಒತ್ತಡ ಏರುತ್ತದೆ. ಮೇಲಾಗಿ 70ರ ತೋಟಾಗಳಲ್ಲಿ ಎಷ್ಟೋ ಸಲ ಮದ್ದಿನ ಜೋರೂ ಜಾಸ್ತಿ. ಅಪ್ಪಯ್ಯನ ಕಾಲದ ನಳಿಗೆ ಅದನ್ನು ತಡೆಯಬೇಕು ಅಂತ ಏನೂ ಇಲ್ಲ. ಕೆನ್ನೆ ಒರಗಿಸಿ, ಎಡಗೈಯಲ್ಲಿ ನಳಿಗೆ ಹಿಡಿದು ಹೊಡೆಯುವವರು ನಾವು.

ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನಿಮ್ಮ ಕೋವಿ ಎಷ್ಟರದ್ದು ಎಂದು ಒಂದು ಮಾತು ಕೇಳಬಹುದಿತ್ತು. ನಮ್ಮ ಕಡೆ ಅಜ್ಜ, ಅಪ್ಪನಿಂದ ಬಂದ ಕೋವಿಗಳು ಎಷ್ಟೋ ಇವೆ. ಕೇಳದೆ ಕೊಡುವುದು ತಪ್ಪು.

ಆಮೇಲೆ 65ರದ್ದೇ ಬೇಕು ಅಂತ ಹುಡುಕಲು ಹೊರಟೆ. ಒಬ್ಬ ಗೆಳೆಯ ತನ್ನ ಅಟ್ಟದ ಮೇಲಿದ್ದ ಹಳೆಯ ಕಾಗದದ ತೋಟಾಗಳ ವಿಷಯ ಹೇಳಿದ. ಅವನ ಮನೆಗೆ ಹೋಗಿ ನೋಡಿದೆ. ನಮ್ಮ ಮಳೆಗಾಲದ ಥಂಡಿಗೆ ಕೊಳವೆ ಉಬ್ಬಿ, ನಳಿಗೆಯೊಳಗೆ ಹೋಗುವ ಹಾಗೇ ಇರಲಿಲ್ಲ. ಹೋದರೂ ಅಂಥದ್ದನ್ನು ನಂಬಬಾರದು. ಕುದುರೆ (ಟ್ರಿಗರ್) ಎಳೆದಾಗ ಬರೀ ಟಿಕ್ ಎಂದು, ಒಂದು ಗಳಿಗೆ ಬಿಟ್ಟು ಈಡು ಹಾರುವುದುಂಟು. ಖಾಲಿ ತೋಟಾಕ್ಕೆ ನಾವೇ ಮದ್ದು ತುಂಬೋಣ ಎಂದವರೂ ಇದ್ದರು. ಅದು ಕಾನೂನಿಗೂ ವಿರುದ್ಧ, ಕೈಗೂ ಅಪಾಯ. ಇನ್ನೊಬ್ಬರು ಹಂದಿಗೆ ಸಿಡಿಮದ್ದು ಇಡಲು ಹೇಳಿದರು. ಅವರ ಹತ್ತಿರ ಜೋರಾಗಿಯೇ ಜಗಳ ಮಾಡಿದೆ. ಮೇಯಲು ಹೋದ ಆಕಳು ಅದನ್ನು ಕಚ್ಚಿ ದವಡೆ ಛಿದ್ರವಾಗಿ ಸಾಯುತ್ತದೆ. ಅದಕ್ಕಿಂತ ಅಡಿಕೆ ಹೋದರೆ ಹೋಗಲಿ.

ಹುಡುಕುತ್ತಾ ಇನ್ನೊಂದು ವಿಷಯ ತಲೆಗೆ ಹೊಳೆಯಿತು. 4 ನಂಬರ್ ಚರೆ ಅಪ್ಪಯ್ಯ ತನ್ನ ಹರೆಯದಲ್ಲಿ, ಶಿಕಾರಿಯ ಕಾಲದಲ್ಲಿ ಆರಿಸಿಕೊಂಡದ್ದು. ನನಗೆ ಬೇಕಾದದ್ದು ಸದ್ದು ಮಾತ್ರ. ಅದಕ್ಕೆ 4 ಯಾಕೆ? ಚರೆಯ ನಂಬರ್ ಜಾಸ್ತಿಯಾದಷ್ಟೂ ಕಾಳು ಸಣ್ಣ. 4 ನಂಬರ್ ಕಾಳು ಸುಮಾರು 3.1 ಮಿಲಿಮೀಟರ್, 8 ನಂಬರ್ ಸುಮಾರು 2.2. ಸಣ್ಣ ಕಾಳು ಬೇಗ ಸೋಲುತ್ತದೆ, 200 ಮೀಟರಿನ ಒಳಗೇ ಬಿದ್ದುಹೋಗುತ್ತದೆ. ಕೆಲವರು ಸದ್ದಿಗೂ ಎಲ್‌ಜಿ ಎಂಬ ದಪ್ಪ ಚರೆ ಹೊಡೆಯುತ್ತಾರೆ. ಅದರ ಕಾಳು 9 ಮಿಲಿಮೀಟರ್ ದಪ್ಪ, ಅರ್ಧ ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ನಮ್ಮ ಕಡೆ ತೋಟದಾಚೆ ಮನೆ, ಮನೆಯಾಚೆ ತೋಟ. ಯಾರ ಅಂಗಳಕ್ಕೆ ಬೀಳುತ್ತದೋ ಯಾರಿಗೆ ಗೊತ್ತು. ಮತ್ತೊಂದು ಮಾತು, ಹೊರದೇಶದ ಪೆಟ್ಟಿಗೆಯಾದರೆ ನಂಬರ್ ನೋಡಿ ತರಬೇಡಿ. ಇಂಗ್ಲಿಷರ 6 ನಂಬರ್ 2.6 ಮಿಲಿಮೀಟರ್ ಆದರೆ ಅಮೆರಿಕದ 6 ನಂಬರ್ 2.8. ಮಿಲಿಮೀಟರ್ ಲೆಕ್ಕವನ್ನೇ ನೋಡಿ. ಉಕ್ಕಿನ ಚರೆ ಇದ್ದರಂತೂ ಹಳೆಯ ಕೋವಿಗೆ ಬೇಡವೇ ಬೇಡ. ಅದು ಸೀಸದಷ್ಟು ಮೆತ್ತಗಲ್ಲ, ನಳಿಗೆಯ ಬಾಯಿ ಕೆಡಿಸುತ್ತದೆ.

ನಾಲ್ಕು ತಿಂಗಳು ಅಲೆದ ಮೇಲೆ ದೂರದ ಒಂದು ಅಂಗಡಿಯಲ್ಲಿ 65ರ ತೋಟಾ ಸಿಕ್ಕಿತು, 8 ನಂಬರ್ ಚರೆಯದ್ದೇ. ಬೇರೆ ಕಂಪನಿ, ಬಣ್ಣವೂ ಬೇರೆ. ಭುಜಕ್ಕೆ ಒದೆ ಕಡಿಮೆ. ಸದ್ದು ಮಾತ್ರ ಅಷ್ಟೇ ಇದೆ. ಮಂಗಗಳು ಮೊದಲಿನಂತೆಯೇ ಗುಡ್ಡ ಹತ್ತಿದವು. ಜಾಸ್ತಿ ತಂದಿಟ್ಟುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ವರ್ಷಕ್ಕೆ ಎಷ್ಟು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ.

ಅಪ್ಪಯ್ಯನ ಕೆಂಪು ತೋಟಾ ಎರಡು ಉಳಿದಿವೆ, ಬೀಗ ಹಾಕಿ ಇಟ್ಟಿದ್ದೇನೆ. ಮನೆಯಲ್ಲಿ ಹಳೆಯ ಕೋವಿ ಇರುವವರು ಇವತ್ತೇ ನಳಿಗೆ ಕಳಚಿ ಆ ಗುರುತು ನೋಡಿ. ಅಕ್ಷರ ಅಳಿಸಿಹೋಗಿದ್ದರೆ ಕೋವಿ ರಿಪೇರಿ ಮಾಡುವವರ ಹತ್ತಿರ ಅಳತೆ ತೆಗೆಸಿ. ಘಟ್ಟದ ಮೇಲೆ ಎಲ್ಲಾದರೂ 65ರದ್ದು ಕಾಯಂ ಸಿಗುವ ಜಾಗ ಗೊತ್ತಿದ್ದರೆ ಕೆಳಗೆ ಬರೆಯಿರಿ. ನನ್ನ ಹಾಗೆ ಹುಡುಕುತ್ತಿರುವವರು ಇನ್ನೂ ಇದ್ದಾರೆ.