ಕಚ್ಚಿದ ಹಣ್ಣು, ಹಸಿರು ಗೊಂಬೆ ಮತ್ತು ಅಡ್ಜಸ್ಟ್‌ಮೆಂಟ್ ರಾಜಕಾರಣ

ಬೆಂಗಳೂರಿನಲ್ಲಿ ಐಫೋನ್ ಇಟ್ಟುಕೊಂಡವರನ್ನು ಗುರುತಿಸುವುದು ಸುಲಭ. ದರ್ಶಿನಿಯ ಮೇಜಿನ ಮೇಲೆ ಅವರು ಫೋನನ್ನು ಬೋರಲು ಹಾಕುತ್ತಾರೆ. ಸ್ಕ್ರೀನಿಗೆ ಸಾಂಬಾರ್ ಮೆತ್ತಿದರೂ ಚಿಂತೆಯಿಲ್ಲ, ಕಚ್ಚಿದ ಹಣ್ಣು ಮೇಲೆ ಕಾಣಬೇಕು. ಹಿಂಬದಿ ಮುಚ್ಚುವ ಕವರಿಗೂ ಆ ಜಾಗದಲ್ಲೊಂದು ಕಿಟಕಿ. ಈಗ ದೇವನಹಳ್ಳಿಯಲ್ಲೇ ಐಫೋನ್ ಜೋಡಣೆಯಾಗುತ್ತಿದೆ. ಆದರೂ ಅಮೆರಿಕದಿಂದ ಬರುವ ಭಾವಮೈದುನನಿಗೆ 'ಬರ್ತಾ ಒಂದು ತಂದ್ಬಿಡು' ಎಂಬ ಅರ್ಜಿ ತಪ್ಪುವುದಿಲ್ಲ.

ಎದುರಿಗೆ ನಿಂತ, ಹಸಿರು ಗೊಂಬೆ ಗುರುತಿನ ಆಂಡ್ರಾಯ್ಡ್ ಪಕ್ಷದವನು ಬಿಡುತ್ತಾನೆಯೇ? 'ಹೋಮ್ ಸ್ಕ್ರೀನಲ್ಲಿ ವಿಜೆಟ್ ಇಡೋಕೆ ನಿಮ್ಮೋರಿಗೆ 2020 ಬರಬೇಕಾಯ್ತು ಗುರು, ನಮ್ಮಲ್ಲಿ ಅದು ತಾತನ ಕಾಲದ್ದು.' 'ನಿಮ್ದು ಎರಡೇ ವರ್ಷಕ್ಕೆ ಹ್ಯಾಂಗ್ ಆಗತ್ತಲ್ಲ ಮಗಾ, ಅದನ್ನ ಹೇಳು.' ಬೈಟು ಕಾಫಿ ಆರಿಹೋಗುತ್ತದೆ. ಈ ರಭಸ ನೋಡಿದರೆ ಕಂಪನಿಯವರು ಇಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಕೊಡುತ್ತಿದ್ದಾರೇನೋ ಅನ್ನಿಸಬೇಕು. ಕೊಡುತ್ತಿರುವವರು ಇವರೇ, ಅದೂ ಇಎಂಐನಲ್ಲಿ.

ಕಾರ್ಯಕರ್ತರು ಇಲ್ಲಿ ಕಿತ್ತಾಡುವಾಗ ನಾಯಕರು ಏನು ಮಾಡುತ್ತಿದ್ದಾರೆ? ಐಫೋನಿನ ಸಫಾರಿ ಬ್ರೌಸರಿನಲ್ಲಿ ತನ್ನ ಸರ್ಚೇ ಮೊದಲು ಕೂತಿರಲಿ ಎಂದು ಆಂಡ್ರಾಯ್ಡಿನ ಒಡೆಯ ಗೂಗಲ್ 2022ರಲ್ಲಿ ಐಫೋನಿನ ಒಡೆಯ ಆಪಲ್‌ಗೆ ಕೊಟ್ಟದ್ದು 2,000 ಕೋಟಿ ಡಾಲರ್. ಗಾಳಿಸುದ್ದಿಯಲ್ಲ, ಅಮೆರಿಕದ ನ್ಯಾಯಾಲಯದ ಕಾಗದಪತ್ರದಲ್ಲಿದೆ. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ; ಆ ವರ್ಷ ಇಡೀ ಕರ್ನಾಟಕದ ಬಜೆಟ್ಟೇ 2.65 ಲಕ್ಷ ಕೋಟಿ. ಹಗಲು ಸದನದ ಬಾವಿಗಿಳಿದು ಕೂಗಾಡಿ, ರಾತ್ರಿ ಒಂದೇ ತೋಟದ ಮನೆಯಲ್ಲಿ ಊಟಕ್ಕೆ ಕೂರುವವರನ್ನು ಕಂಡ ನಾಡು ನಮ್ಮದು. ಇಷ್ಟು ದೊಡ್ಡ ಅಡ್ಜಸ್ಟ್‌ಮೆಂಟನ್ನು ವಿಧಾನಸೌಧವೂ ನೋಡಿರಲಿಕ್ಕಿಲ್ಲ. ಅದೇ 2022ರಲ್ಲಿ ನಮ್ಮ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ದರ್ಬಾರಿಗಾಗಿ ಗೂಗಲ್‌ಗೆ 1,337.76 ಕೋಟಿ ದಂಡ ಹಾಕಿತು. ಆ ಒಂದೂವರೆ ಲಕ್ಷ ಕೋಟಿಯ ಮುಂದೆ ಈ ದಂಡ ಮಾಣಿಯ ಟಿಪ್ಸು.

ಇವರ ಪ್ರಣಾಳಿಕೆಯಾದರೂ ಬೇರೆಯೇ? 2016ರಲ್ಲಿ ಆಪಲ್ ಹೆಡ್‌ಫೋನ್ ತೂತು ಮುಚ್ಚಿತು. ಗೂಗಲ್ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ಕುಟುಕಿತು. ಮರುವರ್ಷ ತಾನೂ ಮುಚ್ಚಿತು. 2020ರಲ್ಲಿ ಐಫೋನ್ ಡಬ್ಬಿಯಿಂದ ಚಾರ್ಜರ್ ಮಾಯವಾದಾಗ ಗೇಲಿ ಮಾಡಿದ ಸ್ಯಾಮ್‌ಸಂಗ್, ಮುಂದಿನ ಜನವರಿಯಲ್ಲೇ ಚಾರ್ಜರಿಲ್ಲದ ಡಬ್ಬಿ ತಂದಿತು.

ಮೂರನೆಯವರು ನಿಂತಿರಲಿಲ್ಲವೆಂದಲ್ಲ. ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್, 2014ರಲ್ಲಿ 1,999 ರೂಪಾಯಿಗೆ ಬಂದ ಫೈರ್‌ಫಾಕ್ಸ್ ಫೋನು, ಎಲ್ಲರದೂ ಠೇವಣಿ ಹೋಯಿತು. ನೋಕಿಯಾದ ಫೋನ್ ವ್ಯವಹಾರ ಕೊಂಡ ಮೈಕ್ರೋಸಾಫ್ಟ್ ಮರುವರ್ಷವೇ 760 ಕೋಟಿ ಡಾಲರನ್ನು ಕೈಬಿಟ್ಟ ಖಾತೆಗೆ ಬರೆದುಕೊಂಡಿತು. 2023ರಲ್ಲಿ ಫೋನ್ ನಡೆಸುವ ನಮ್ಮದೇ ತಂತ್ರಾಂಶ ಭಾರ್‌ಓಎಸ್ ಬಂತು. ಕೇಂದ್ರ ಸಚಿವರಿಬ್ಬರು ಪರೀಕ್ಷಿಸಿ ಬೆನ್ನು ತಟ್ಟಿದರು. ಒಳಗೆ ನೋಡಿದರೆ ಆಂಡ್ರಾಯ್ಡಿನದೇ ಮುಕ್ತ ಕೋಡು, ಅಂದರೆ ಟಿಕೆಟ್ ಸಿಗದೆ ಹೊರಬಂದ ಅದೇ ಪಕ್ಷದ ಬಂಡಾಯ ಅಭ್ಯರ್ಥಿ.

ಇನ್ನು ಫೋನ್ ಯಾವುದೆಂದು ನೋಡಿ ಕ್ಯಾಬ್ ಆ್ಯಪ್‌ಗಳು ಬಾಡಿಗೆ ಹೇಳುತ್ತವೆಂಬ ದೂರು. 2025ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್‌ಗಳಿಗೆ ನೋಟಿಸ್ ಕೊಟ್ಟಿತು. ಹಾಗೇನಿಲ್ಲ ಎಂದು ಎರಡೂ ಹೇಳಿದವು. ಬೆಂಗಳೂರಿನ ಆಟೊದವರ ಮೇಲಂತೂ ಆ ಆರೋಪ ನಿಲ್ಲುವುದಿಲ್ಲ. ಐಫೋನಿನಿಂದ ಕರೆದರೂ ಆಂಡ್ರಾಯ್ಡಿನಿಂದ ಕರೆದರೂ ಬರುವ ಮಾತು ಒಂದೇ: 'ಆ್ಯಪ್‌ನಲ್ಲಿ ಎಷ್ಟ್ ತೋರ್ಸ್ತಿದೆ ಸಾರ್? ಮೇಲೆ ಐವತ್ತು ಕೊಡ್ಬಿಡಿ.'